ಹೊಲಗಳ ನಡುವೆ ಹರಿಯುವ ಹೊಳೆ ಕೆಟ್ಟಾಗ: ಮೂಲ ಪತ್ತೆ ಮತ್ತು ದುರಸ್ತಿ

ಹೊಳೆಯಲ್ಲಿ ಪಾಚಿ ಕಟ್ಟಿದೆ, ನೀರು ನಾರುತ್ತಿದೆ, ಮೀನು ಸತ್ತು ತೇಲುತ್ತಿವೆ ಎಂದ ಕೂಡಲೇ ಬಹಳ ಕಡೆ ಮೊದಲು ಶುರುವಾಗುವ ಕೆಲಸ ದಡದಲ್ಲಿ ಗಿಡ ನೆಡುವುದು. ಗಿಡ ನೆಡುವುದು ಒಳ್ಳೆಯದೇ. ಆದರೆ ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ರೂಪ) ಬರುತ್ತಿರುವುದು ಹೊಲದಡಿ ಹೂತ ಬಸಿಕೊಳವೆಯಿಂದಾದರೆ, ಆ ನೀರು ಗಿಡದ ಬೇರಿಗೆ ತಾಗದೆಯೇ ಹೊಳೆಗೆ ಬೀಳುತ್ತದೆ. ಮೂರು ವರ್ಷ ಕಳೆದರೂ ಅಳತೆ ಇಳಿಯುವುದಿಲ್ಲ. ಕೊನೆಗೆ ಗಿಡ ನೆಟ್ಟವರು ಬೇಸತ್ತು ಕೈಬಿಡುತ್ತಾರೆ, ರೈತರು ತಮ್ಮ ಮೇಲೆ ಸುಮ್ಮನೆ ಹೊಣೆ ಹೊರಿಸಿದರು ಎಂದು ನೊಂದುಕೊಳ್ಳುತ್ತಾರೆ. ಹೀಗಾಗಬಾರದು. ಕೊಳೆ ಯಾವುದು, ಯಾವ ಹೊತ್ತಿನಲ್ಲಿ ಬರುತ್ತದೆ, ಯಾವ ದಾರಿ ಹಿಡಿದು ಬರುತ್ತದೆ ಎಂಬ ಮೂರೂ ಗೊತ್ತಾದ ಮೇಲೆ ದುರಸ್ತಿಗೆ ಕೈಹಾಕಬೇಕು. ದುರಸ್ತಿ ಆ ದಾರಿಯ ಮೇಲೆಯೇ ಕೂರಬೇಕು.

ಮೊದಲು ಕಣ್ಣು ಮತ್ತು ಮೂಗು

ಮೀಟರ್ ತೆಗೆಯುವ ಮುಂಚೆ ಹೊಳೆಯ ಉದ್ದಕ್ಕೂ ಒಮ್ಮೆ ನಡೆಯಿರಿ. ನಸುಕಿನಲ್ಲಿ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ.

ಕಲ್ಲುಗಳ ಮೇಲೆ ಹಸಿರು ಪಾಚಿ ದಾರದಂತೆ ಬೆಳೆದಿದ್ದರೆ, ನೀರೇ ಬಟಾಣಿ ಹಸಿರಾಗಿದ್ದರೆ, ರಂಜಕ ಮತ್ತು ಸಾರಜನಕ ಮಿತಿಮೀರಿವೆ. ಒಟ್ಟು ರಂಜಕ ಲೀಟರಿಗೆ 0.1 ಮಿಲಿಗ್ರಾಂ ಮುಟ್ಟುವಷ್ಟರಲ್ಲೇ ನಿಧಾನವಾಗಿ ಹರಿಯುವ ನೀರಿನಲ್ಲಿ ಪಾಚಿ ಸೊಕ್ಕಬಲ್ಲದು. ಬರಿಗಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೂ ಅಷ್ಟು ಇರಬಹುದು.

ಕಲ್ಲಿಗೆ, ಬೇರಿಗೆ ಬೂದುಬಣ್ಣದ ಹತ್ತಿಯಂಥ ಲೋಳೆ ಜೋತುಬಿದ್ದಿದ್ದರೆ ಅದು ಪಾಚಿಯಲ್ಲ, ಕೊಳಚೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ಗುಂಪು. ಹತ್ತಿರದಲ್ಲೇ ಎಲ್ಲೋ ಸಗಣಿ ಬಗ್ಗಡ, ರಸಮೇವಿನ (ಗುಂಡಿಯಲ್ಲಿ ಮುಚ್ಚಿ ಹುಳಿಬರಿಸಿದ ಹಸಿಮೇವು) ಸೋರಿಕೆ ಅಥವಾ ಮನೆಗಳ ಕೊಳಚೆ ದಿನವೂ ಸೇರುತ್ತಿದೆ. ಲೋಳೆ ಎಲ್ಲಿ ಶುರುವಾಗುತ್ತದೋ ಅದಕ್ಕೆ ಸ್ವಲ್ಪ ಮೇಲೆಯೇ ಮೂಲವಿರುತ್ತದೆ. ಇಷ್ಟು ಸ್ಪಷ್ಟವಾಗಿ ಜಾಗ ತೋರಿಸುವ ಗುರುತು ಬೇರೆ ಇಲ್ಲ.

ನೀರಿನ ಮೇಲೆ ಎಣ್ಣೆಯಂಥ ಹೊಳಪು ಕಂಡರೆ ಕಡ್ಡಿಯಿಂದ ಕದಡಿ ನೋಡಿ. ತಟ್ಟೆ ಒಡೆದಂತೆ ಚೂರುಚೂರಾಗಿ ಬಿಡಿಸಿಕೊಂಡರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಕಿತ್ತಳೆ ಬಣ್ಣದ ಕೆಸರೂ ಜೊತೆಗಿರುತ್ತದೆ. ಇದು ಸಾಮಾನ್ಯವಾಗಿ ಕಬ್ಬಿಣವಿರುವ ಅಂತರ್ಜಲ ಒಸರುವ ಜಾಗ, ಭಯಪಡಬೇಕಿಲ್ಲ. ಕದಡಿದ ಕೂಡಲೇ ಮತ್ತೆ ಕೂಡಿಕೊಂಡರೆ ಅದು ಡೀಸೆಲ್ ಅಥವಾ ಯಂತ್ರದ ಎಣ್ಣೆ.

ಕಲ್ಲೊಂದನ್ನು ಎತ್ತಿ ತಿರುವಿ ನೋಡಿ. ಮೇಫ್ಲೈ, ಕ್ಯಾಡಿಸ್‌ಫ್ಲೈ ಹುಳುಗಳ ಮರಿಗಳು ಓಡಾಡುತ್ತಿದ್ದರೆ ಆಮ್ಲಜನಕ ಸಾಕಷ್ಟಿದೆ. ಕೆಂಪು ರಕ್ತಹುಳುಗಳು ಮಾತ್ರ ಕಂಡರೆ ಆಮ್ಲಜನಕ ಬಹಳ ದಿನಗಳಿಂದ ಕಡಿಮೆಯಿದೆ. ಮೀನುಗಳು ಆರಾಮಾಗಿವೆ, ಆದರೆ ಹುಳುಗಳೂ ಸಣ್ಣ ಸೀಗಡಿಗಳೂ ಒಂದೂ ಇಲ್ಲ ಎಂದಾದರೆ ಕೀಟನಾಶಕದ ಅನುಮಾನವನ್ನು ಪಟ್ಟಿಯ ತುದಿಗೆ ಏರಿಸಿ. ನೀರಿನ ಮಾದರಿ ಆ ಕ್ಷಣದ ಮಾತನ್ನಷ್ಟೇ ಹೇಳುತ್ತದೆ. ಹುಳುಗಳು ಹಿಂದಿನ ಹಲವು ವಾರಗಳ ಲೆಕ್ಕ ಒಪ್ಪಿಸುತ್ತವೆ.

ಮೀನು ಸತ್ತಿದ್ದರೆ

ಇದೊಂದರಲ್ಲಿ ಗಂಟೆಗಳ ಲೆಕ್ಕ. ವಿಷ ಹರಿದು ಹೋಗಿಬಿಟ್ಟರೆ ಸಾಕ್ಷಿಯೂ ಅದರ ಜೊತೆ ಹೋಗುತ್ತದೆ.

ಆಮ್ಲಜನಕ ತೀರಿ ಸತ್ತಿದ್ದರೆ ಸಾವು ಹೆಚ್ಚಾಗಿ ನಸುಕಿನಲ್ಲಿ ಆಗುತ್ತದೆ. ದೊಡ್ಡ ಮೀನುಗಳು ಮೊದಲು ಸಾಯುತ್ತವೆ, ಉಳಿದವು ಮೇಲಕ್ಕೆ ಬಂದು ಬಾಯಿ ಕಳೆಯುತ್ತಿರುತ್ತವೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನು ಬಳಸಿಬಿಡುತ್ತದೆ. ಹಾಗಾಗಿ ಅತಿ ಕಡಿಮೆ ಅಳತೆ ಸಿಗುವುದು ಸೂರ್ಯ ಹುಟ್ಟುವ ಮುಂಚೆ. ಮಧ್ಯಾಹ್ನ ಮೂರಕ್ಕೆ ಹೋಗಿ 9 ಮಿ.ಗ್ರಾಂ ಇದೆ, ಹೊಳೆ ಚೆನ್ನಾಗಿದೆ ಎಂದು ಬರೆದುಕೊಂಡು ಬರುವುದು ನಾವು ಮತ್ತೆಮತ್ತೆ ಕಾಣುವ ತಪ್ಪು. 25 ಡಿಗ್ರಿ ಉಷ್ಣತೆಯ ನೀರು ಹಿಡಿದಿಡಬಲ್ಲ ಆಮ್ಲಜನಕವೇ ಲೀಟರಿಗೆ ಸುಮಾರು 8.3 ಮಿ.ಗ್ರಾಂ. ಮಧ್ಯಾಹ್ನ ಅದಕ್ಕಿಂತ ಬಹಳ ಹೆಚ್ಚು ತೋರಿದರೆ ಅದೇ ರೋಗದ ಗುರುತು, ರಾತ್ರಿ ಅಷ್ಟೇ ಆಳಕ್ಕೆ ಕುಸಿಯುತ್ತದೆ. 5ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳಿಗೆ ಸಂಕಟ, 2ಕ್ಕಿಂತ ಕೆಳಗೆ ಸಾವು.

ಹೊತ್ತುಗೊತ್ತಿಲ್ಲದೆ, ಚಿಕ್ಕದು ದೊಡ್ಡದು ಎನ್ನದೆ ಒಮ್ಮೆಲೇ ಸತ್ತಿದ್ದು, ಆಮ್ಲಜನಕದ ಅಳತೆ ಸರಿಯಾಗಿದ್ದರೆ ವಿಷ ಅಥವಾ ಅಮೋನಿಯಾ. ಸತ್ತ ಜಾಗದಲ್ಲಿ ಒಂದು, ಅದಕ್ಕೂ ಮೇಲೆ ಮೀನು ಬದುಕಿರುವ ಜಾಗದಲ್ಲಿ ಒಂದು ಮಾದರಿ ತೆಗೆಯಿರಿ. ಕೀಟನಾಶಕದ ಪರೀಕ್ಷೆಗೆ ಕಂದು ಗಾಜಿನ ಬಾಟಲಿಯೇ ಬೇಕು. ಹಲವು ಕೀಟನಾಶಕಗಳು ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಂಡು ಪರೀಕ್ಷೆಯಲ್ಲಿ ಕಾಣಿಸದೆ ಹೋಗುತ್ತವೆ. ಈಗಷ್ಟೇ ಸತ್ತ ಅಥವಾ ಸಾಯುತ್ತಿರುವ ಮೀನನ್ನು ಕೈಗವಸು ಹಾಕಿ ಹಿಡಿದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಡಿ. ಉಬ್ಬಿ ಕೊಳೆತದ್ದು ಯಾವ ಪ್ರಯೋಗಾಲಯಕ್ಕೂ ಪ್ರಯೋಜನವಿಲ್ಲ. ಸತ್ತ ಮೀನನ್ನು ಯಾರೂ ತಿನ್ನದಂತೆ, ದನಕರುಗಳಿಗೆ ಆ ನೀರು ಕುಡಿಸದಂತೆ ಕೆಳಗಿನವರಿಗೆ ಕೂಡಲೇ ತಿಳಿಸಿ.

ಅಮೋನಿಯಾ ಅಳೆದಾಗ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) ಮತ್ತು ಉಷ್ಣತೆಯನ್ನೂ ಬರೆದುಕೊಳ್ಳದಿದ್ದರೆ ಆ ಅಳತೆಗೆ ಅರ್ಥವಿಲ್ಲ. ಮೀನಿಗೆ ವಿಷವಾಗುವುದು ಅಯಾನುಗೊಳ್ಳದೆ ಉಳಿದ ಅಮೋನಿಯಾ. 25 ಡಿಗ್ರಿಯಲ್ಲಿ ಒಟ್ಟು ಅಮೋನಿಯಾದಲ್ಲಿ ಅದರ ಪಾಲು ಪಿಎಚ್ 7ರಲ್ಲಿ ಶೇ 0.6ರ ಆಸುಪಾಸು, ಪಿಎಚ್ 8ರಲ್ಲಿ ಶೇ 5ರ ಮೇಲೆ, ಪಿಎಚ್ 9ರಲ್ಲಿ ಶೇ 36. ಅಂದರೆ ಬೆಳಿಗ್ಗೆ ಮೀನು ತಾಳಿಕೊಂಡ 2 ಮಿ.ಗ್ರಾಂ ಅಮೋನಿಯಾ, ಪಾಚಿಯಿಂದ ಪಿಎಚ್ 9ಕ್ಕೇರಿದ ಮಧ್ಯಾಹ್ನ ಅದೇ ಮೀನನ್ನು ಕೊಲ್ಲಬಲ್ಲದು. ಹೊಸದಾಗಿ ಯಾರೂ ಏನನ್ನೂ ಸುರಿದಿರಬೇಕಾಗಿಲ್ಲ.

ಮಳೆ ಹೇಳುವ ಸಾಕ್ಷಿ

ಮೂಲ ಯಾವ ಬಗೆಯದು ಎಂದು ತಿಳಿಯಲು ಅತಿ ಕಡಿಮೆ ಖರ್ಚಿನ ಪರೀಕ್ಷೆ ಇದು. ಒಂದೇ ಜಾಗದಲ್ಲಿ ಒಣ ದಿನಗಳಲ್ಲಿ ಮೂರ್ನಾಲ್ಕು ಮಾದರಿ, ಮಳೆ ಬಂದು ನೀರು ಏರುತ್ತಿರುವಾಗ ಮೂರ್ನಾಲ್ಕು ಮಾದರಿ ತೆಗೆದು ಹೋಲಿಸಿ.

ಮಳೆ ಬಂದಾಗ ಅಳತೆ ಇಳಿದರೆ, ಕೊಳೆ ಒಂದೇ ಸಮನೆ ಬರುವ ನಿಶ್ಚಿತ ಜಾಗದ್ದು: ಕೊಟ್ಟಿಗೆಯ ಚರಂಡಿ, ಕೊಳಚೆ ಕೊಳವೆ, ಸೋರುವ ಗುಂಡಿ. ಮಳೆನೀರು ಅದನ್ನು ತೆಳುವಾಗಿಸಿದೆ. ಮಳೆಯ ಮೊದಲ ಗಂಟೆಯಲ್ಲಿ ಅಳತೆ ಜಿಗಿದು, ಆಮೇಲೆ ಮಳೆ ಮುಂದುವರಿದರೂ ಇಳಿದರೆ, ಅಂಗಳ, ರಸ್ತೆ, ತಿಪ್ಪೆಯ ಮೇಲಿನ ಕೊಳೆ ತೊಳೆದು ಬಂದಿದೆ. ನೀರು ಏರಿದಷ್ಟೂ ಕದಡೂ ರಂಜಕವೂ ಏರುತ್ತಾ ಹೋದರೆ ಹೊಲದ ಮಣ್ಣು ಅಥವಾ ಹೊಳೆಯ ದಡವೇ ಕೊಚ್ಚಿಬರುತ್ತಿದೆ. ನೈಟ್ರೇಟ್ ಮಾತ್ರ ಮಳೆಯ ಹೊತ್ತಿಗೆ ಇಳಿದು, ಮಳೆ ನಿಂತು ಒಂದೆರಡು ದಿನಕ್ಕೆ ಏರಿ, ನಿಧಾನವಾಗಿ ಇಳಿಯುತ್ತಿದ್ದರೆ ಅದು ಮಣ್ಣಿನೊಳಗಿಂದ ಬಸಿದು ಬಂದದ್ದು.

ಕೊನೆಯ ಎರಡನ್ನು ಒಂದೇ ಎಂದುಕೊಂಡವರೇ ಹೆಚ್ಚು. ನೈಟ್ರೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದಿಲ್ಲ, ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ರಂಜಕ ಮಣ್ಣಿನ ಕಣವನ್ನು ಬಿಗಿಯಾಗಿ ಹಿಡಿದುಕೊಂಡು ಮಣ್ಣಿನ ಜೊತೆಗೇ ಹರಿದು ಬರುತ್ತದೆ. ಒಂದಕ್ಕೆ ನೆಲದೊಳಗಿನ ದಾರಿ, ಇನ್ನೊಂದಕ್ಕೆ ನೆಲದ ಮೇಲಿನ ದಾರಿ. ಹೊಳೆ ದುರಸ್ತಿಯಲ್ಲಿ ಸೋಲುವ ಯೋಜನೆಗಳು ಹೆಚ್ಚಾಗಿ ಇಲ್ಲಿಯೇ ಎಡವುತ್ತವೆ.

ಮಾದರಿ ತೆಗೆಯುವಾಗ

ಹರಿವಿಗೆ ಎದುರಾಗಿ ನಿಂತು, ನಡುಹೊಳೆಯಲ್ಲಿ, ಮೇಲ್ಮೈಯ ನೊರೆಯೂ ತಳದ ಕೆಸರೂ ಸೇರದಂತೆ ನಡು ಆಳದಿಂದ ತುಂಬಿಕೊಳ್ಳಿ. ನೀವು ಕಾಲಿಟ್ಟು ಕದಡಿದ ನೀರು ಬಾಟಲಿಗೆ ಬಂದರೆ ರಂಜಕ ಸುಳ್ಳೇ ಏರಿ ತೋರುತ್ತದೆ. ಸಾಮಾನ್ಯ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಕಲಕಿ ಚೆಲ್ಲಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಕ್ರಿಮಿರಹಿತ ಬಾಟಲಿಯನ್ನು ಮಾತ್ರ ಕಲಕಬಾರದು, ಒಳಗೆ ಬೆರಳೂ ತಾಗಬಾರದು. ರಂಜಕದ ಬಾಟಲಿಯನ್ನು ಸೋಪುಪುಡಿಯಲ್ಲಿ ತೊಳೆದರೆ ಫಾಸ್ಫೇಟ್ ಉಳಿದು ಲೆಕ್ಕ ಕೆಡುತ್ತದೆ. ಎಲ್ಲವನ್ನೂ 4 ಡಿಗ್ರಿಯ ಆಸುಪಾಸಿನಲ್ಲಿ, ಕತ್ತಲಲ್ಲಿ ಸಾಗಿಸಿ. ಬಿಸಿಲಲ್ಲಿ ಬಿಟ್ಟ ಮಾದರಿಯಲ್ಲಿ ಅಮೋನಿಯಾ, ನೈಟ್ರೇಟ್ ಎರಡೂ ಬದಲಾಗುತ್ತವೆ. ಬಿಒಡಿ (ನೀರಿನಲ್ಲಿರುವ ಕೊಳೆ ಕರಗಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಪರೀಕ್ಷೆ 24 ಗಂಟೆಯೊಳಗೆ ಶುರುವಾಗಬೇಕು. ಕರಗಿದ ಆಮ್ಲಜನಕ, ಪಿಎಚ್, ಉಷ್ಣತೆ, ವಿದ್ಯುತ್ ವಾಹಕತೆ ಹೊಳೆಯಲ್ಲೇ ಅಳೆಯತಕ್ಕವು.

ವರದಿ ಓದುವಾಗ ಘಟಕ ನೋಡಿ. ಒಂದು ಪ್ರಯೋಗಾಲಯ ನೈಟ್ರೇಟ್ 45 ಎನ್ನುತ್ತದೆ, ಇನ್ನೊಂದು ನೈಟ್ರೇಟ್ ರೂಪದ ಸಾರಜನಕ 10 ಎನ್ನುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ: ಸಾರಜನಕವನ್ನು 4.43ರಿಂದ ಗುಣಿಸಿದರೆ ನೈಟ್ರೇಟ್. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ನೈಟ್ರೇಟ್ ಲೆಕ್ಕದಲ್ಲಿ 50 ಮಿ.ಗ್ರಾಂ/ಲೀ. ಫಾಸ್ಫೇಟ್ ಅಳತೆಯನ್ನು 3.07ರಿಂದ ಭಾಗಿಸಿದರೆ ರಂಜಕ. ಬೇರೆಬೇರೆ ವರ್ಷದ ವರದಿಗಳನ್ನು ಘಟಕ ನೋಡದೆ ಒಂದೇ ಪಟ್ಟಿಯಲ್ಲಿ ಸೇರಿಸಿ, ಮಾಲಿನ್ಯ ನಾಲ್ಕು ಪಟ್ಟು ಏರಿತು ಎಂದು ಗಾಬರಿಯಾಗುವುದು ಇಲ್ಲಿಂದಲೇ.

ಹೊಳೆಯನ್ನು ತುಂಡುತುಂಡಾಗಿ ಹುಡುಕುವುದು

ಕೆಟ್ಟ ಜಾಗವೂ ಚೆನ್ನಾಗಿರುವ ಜಾಗವೂ ಗೊತ್ತಾದರೆ ನಡುವೆ ಅಳೆಯಿರಿ. ನಡು ಕೆಟ್ಟಿದ್ದರೆ ಮೂಲ ಮೇಲರ್ಧದಲ್ಲಿದೆ, ಚೆನ್ನಾಗಿದ್ದರೆ ಕೆಳಗಿನರ್ಧದಲ್ಲಿದೆ. ಹೀಗೆ ಅರ್ಧಿಸುತ್ತಾ ಹೋದರೆ 8 ಕಿಲೋಮೀಟರ್ ಹೊಳೆಯನ್ನು ಐದು ಅಳತೆಯಲ್ಲಿ 250 ಮೀಟರಿಗೆ ಇಳಿಸಬಹುದು. ಮೂಲ ಒಂದೇ ಇದ್ದಾಗ ಈ ಉಪಾಯ ಚೆಂದ ಕೆಲಸ ಮಾಡುತ್ತದೆ. ಈ ಕೆಲಸಕ್ಕೆ ವಿದ್ಯುತ್ ವಾಹಕತೆಯ ಮೀಟರಿನಷ್ಟು ಒದಗುವ ಸಾಧನ ಬೇರೊಂದಿಲ್ಲ. ಕೊಳಚೆ, ಗಂಜಲ, ರಸಗೊಬ್ಬರದ ನೀರು ಯಾವುದು ಸೇರಿದರೂ ಉಪ್ಪಿನಂಶ ಏರಿ ಮುಳ್ಳು ಮೇಲೇಳುತ್ತದೆ. ಏನು ಸೇರಿತು ಎಂದು ಅದು ಹೇಳದು, ಎಲ್ಲಿ ಸೇರಿತು ಎಂದು ಹೇಳುತ್ತದೆ.

ಮೂಲಗಳು ಹಲವಿದ್ದರೆ ಸಾಂದ್ರತೆ ನೋಡಿದರೆ ಸಾಲದು, ಹೊರೆ, ಅಂದರೆ ದಿನಕ್ಕೆ ಒಟ್ಟು ಎಷ್ಟು ಕಿಲೋ ಕೊಳೆ ಹರಿದುಬರುತ್ತದೆ ಎಂಬ ಲೆಕ್ಕ ಹಾಕಬೇಕು. ನೇರವಾಗಿ ಹರಿಯುವ 10 ಮೀಟರ್ ಉದ್ದ ಗುರುತು ಮಾಡಿ. ಮುಕ್ಕಾಲು ಮುಳುಗಿ ತೇಲುವ ಕಿತ್ತಳೆಹಣ್ಣೊಂದನ್ನು ಬಿಟ್ಟು ಸಮಯ ನೋಡಿ, ಐದು ಸಲ ಮಾಡಿ ಸರಾಸರಿ ತೆಗೆಯಿರಿ. 42.5 ಸೆಕೆಂಡು ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.235 ಮೀಟರ್. ತಳದಲ್ಲಿ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಿ: 0.2. ಅಗಲ 3 ಮೀಟರ್, ಸರಾಸರಿ ಆಳ 0.25 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ 150 ಲೀಟರ್. ಈ ಹರಿವನ್ನು ಲೀಟರಿಗೆಷ್ಟು ಮಿಲಿಗ್ರಾಂ ಎಂಬುದರಿಂದ, ಆಮೇಲೆ 0.0864ರಿಂದ ಗುಣಿಸಿದರೆ ದಿನಕ್ಕೆ ಎಷ್ಟು ಕಿಲೋ ಎಂಬುದು ಸಿಗುತ್ತದೆ.

ಒಂದು ಉದಾಹರಣೆ. ಮೇಲಿನ ಜಾಗದಲ್ಲಿ 120 ಲೀಟರ್ ಹರಿವು, ನೈಟ್ರೇಟ್ ಸಾರಜನಕ 2 ಮಿ.ಗ್ರಾಂ: ದಿನಕ್ಕೆ 20.7 ಕಿಲೋ. ಕೆಳಗಿನ ಜಾಗದಲ್ಲಿ 150 ಲೀಟರ್, 5 ಮಿ.ಗ್ರಾಂ: 64.8 ಕಿಲೋ. ನಡುವೆ ಸೇರಿದ್ದು 44 ಕಿಲೋ. ಅಲ್ಲಿ ಕಣ್ಣಿಗೆ ಕಾಣುವುದು ಒಂದೇ ಕೊಳವೆ, ಸೆಕೆಂಡಿಗೆ 10 ಲೀಟರ್, 18 ಮಿ.ಗ್ರಾಂ. ಅದರ ಪಾಲು 15.5 ಕಿಲೋ. ಉಳಿದ 28.5 ಕಿಲೋ ಉಳಿದ 20 ಲೀಟರಿನಲ್ಲೇ ಬಂದಿರಬೇಕು, ಅಂದರೆ ಸುಮಾರು 16.5 ಮಿ.ಗ್ರಾಂ. ಕೊಳವೆಯ ಅಳತೆಗೆ ಇದು ಹತ್ತಿರವಿದೆ. ಅದೇ ಹೊಲಗಳ ನೀರು ಕೊಳವೆಯಿಲ್ಲದ ಕಡೆಯೂ ದಡದಡಿ ಒಸರುತ್ತಿರಬಹುದು, ಇಲ್ಲವೇ ಮಣ್ಣು ಮುಚ್ಚಿಹೋದ ಇನ್ನೊಂದು ಕೊಳವೆ ಇರಬಹುದು. ಕಂಡ ಕೊಳವೆಯೊಂದನ್ನೇ ಸರಿಪಡಿಸಿದ್ದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಷ್ಟೇ ತಡೆದಂತಾಗುತ್ತಿತ್ತು ಎಂಬುದು ಈ ಕಾಗದದ ಲೆಕ್ಕದಿಂದ ಮಾತ್ರ ಗೊತ್ತಾಗುತ್ತದೆ.

ದೋಷ: ನೈಟ್ರೇಟ್ ಹೆಚ್ಚು, ನೀರು ತಿಳಿ

ಮೊದಲು ಹೊಲದ ಲೆಕ್ಕಪತ್ರ. ಹಾಕಿದ ಸಾರಜನಕದಿಂದ ಫಸಲಿನಲ್ಲಿ ಹೊರಹೋದದ್ದನ್ನು ಕಳೆದರೆ ಉಳಿಯುವ ಹೆಚ್ಚುವರಿಯೇ ಬಸಿಯಲು ಕಾದಿರುವ ನೈಟ್ರೇಟ್. 100 ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವಿದೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಕೊಟ್ಟಿಗೆ ಗೊಬ್ಬರದ ಕಡೆ. ಹಸಿ ಗೊಬ್ಬರದಲ್ಲಿ ಸುಮಾರು ಶೇ 0.5 ಸಾರಜನಕ ಎಂದುಕೊಂಡರೂ 10 ಟನ್ನಿಗೆ 50 ಕಿಲೋ. ಮೊದಲ ವರ್ಷ ಅದರ ಒಂದು ಭಾಗವಷ್ಟೇ ಬೆಳೆಗೆ ಸಿಗುತ್ತದೆ, ಉಳಿದದ್ದು ಮುಂದಿನ ವರ್ಷಗಳಿಗೆ. ಪ್ರತಿ ವರ್ಷ ಗೊಬ್ಬರ ಹಾಕುವ ಹೊಲದಲ್ಲಿ ಈ ಹಳೆಯ ಪಾಲುಗಳೆಲ್ಲ ಸೇರಿಕೊಂಡಿರುತ್ತವೆ. ಅದನ್ನು ಗಣನೆಗೆ ತೆಗೆದುಕೊಳ್ಳದೆ ರಸಗೊಬ್ಬರದ ಪೂರ್ಣ ಪ್ರಮಾಣ ಹಾಕಿದರೆ ಹೆಚ್ಚುವರಿ ಖಂಡಿತ.

ಎರಡನೆಯದು ಹೊತ್ತು. ಬೇರು ಇನ್ನೂ ಹರಡದ ಬಿತ್ತನೆಯ ದಿನ ಎಲ್ಲ ಸಾರಜನಕವನ್ನೂ ಒಮ್ಮೆಗೇ ಸುರಿದರೆ ಮುಂದಿನ ದೊಡ್ಡ ಮಳೆ ಅದನ್ನು ಬೇರಿನ ಕೆಳಕ್ಕೆ ಒಯ್ಯುತ್ತದೆ. ತಳಗೊಬ್ಬರವಾಗಿ ಸ್ವಲ್ಪ, ಉಳಿದದ್ದನ್ನು ಬೆಳೆ ಭರದಿಂದ ಬೆಳೆಯುವಾಗ ಎರಡು ಮೂರು ಕಂತಿನ ಮೇಲುಗೊಬ್ಬರವಾಗಿ ಕೊಡಿ. 48 ಗಂಟೆಯೊಳಗೆ ಭಾರಿ ಮಳೆಯ ಮುನ್ಸೂಚನೆ ಇದ್ದರೆ ಮುಂದೂಡಿ. ನೀರು ನಿಲ್ಲಿಸುವ ಗದ್ದೆಯಾದರೆ ಗೊಬ್ಬರ ಹಾಕಿದ ಮೇಲೆ ಕನಿಷ್ಠ ಐದಾರು ದಿನ ಹೊರಗಂಡಿ ಮುಚ್ಚಿರಲಿ. ಕೊಯ್ಲಾದ ಮೇಲೆ ಮಳೆಗಾಲ ಅಥವಾ ಚಳಿಗಾಲದ ಉದ್ದಕ್ಕೂ ಬರಿದಾಗಿ ಬಿಟ್ಟ ಹೊಲ ಬೆಳೆಯಿದ್ದ ಹೊಲಕ್ಕಿಂತ ಹೆಚ್ಚು ಬಸಿಯುತ್ತದೆ. ಕೊಯ್ಲಿನ ಬೆನ್ನಲ್ಲೇ ಬೇಗ ಬೇರುಬಿಡುವ ಹೊದಿಕೆ ಬೆಳೆ ಬಿತ್ತಿದರೆ ಉಳಿದ ನೈಟ್ರೇಟನ್ನು ಅದು ಹಿಡಿದಿಡುತ್ತದೆ. ಆದರೆ ತಡಮಾಡಬೇಡಿ. ಮೂರ್ನಾಲ್ಕು ವಾರ ತಡವಾದರೆ ಬೇರು ಇಳಿಯುವ ಮುಂಚೆಯೇ ನೈಟ್ರೇಟ್ ಇಳಿದಿರುತ್ತದೆ.

ಹೊಲದಲ್ಲಿ ಇಷ್ಟೂ ಮಾಡಿದ ಮೇಲೆ ಕೊಳವೆಯ ತುದಿಗೆ ಬನ್ನಿ. ಇಲ್ಲಿ ಮೂರು ದಾರಿಗಳಿವೆ. ಒಂದು, ಕೊಳವೆಯ ಬಾಯಲ್ಲಿ ಹಲಗೆಗಳಿರುವ ಪೆಟ್ಟಿಗೆ ಕೂರಿಸಿ, ಹೊಲಕ್ಕೆ ಬಸಿ ಬೇಡದ ತಿಂಗಳುಗಳಲ್ಲಿ ನೀರಿನ ಮಟ್ಟ ಏರಿಸಿಡುವುದು. ನೆಲ ಸಮತಟ್ಟಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಇನ್ನೊಂದು, ಅದೇ ಪೆಟ್ಟಿಗೆಯಿಂದ ದಡಕ್ಕೆ ಸಮಾನಾಂತರವಾಗಿ ತೂತುಕೊಳವೆ ಎಳೆದು, ನೀರನ್ನು ದಡದ ಹಸಿರು ಪಟ್ಟಿಯ ಮಣ್ಣಿಗೆ ಬಿಡುವುದು. ಮೊದಲು ಹೇಳಿದ ಗಿಡಗಳ ಬೇರಿಗೆ ನೀರು ತಾಗುವುದು ಈಗ.

ಮೂರನೆಯದು ಮರದ ಚಕ್ಕೆಗಳ ಗುಂಡಿ. ಗಾಳಿಯಾಡದ ನೀರಿನಲ್ಲಿ ಚಕ್ಕೆಯ ಇಂಗಾಲ ತಿಂದು ಬದುಕುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಪುಡಿ, ಎಲೆ, ಮಣ್ಣು ಇಲ್ಲದ ದಪ್ಪ ಚಕ್ಕೆ ಬಳಸಿ. ನೀರು ಒಳಗೆ 4ರಿಂದ 8 ಗಂಟೆ ಉಳಿಯಬೇಕು. 100 ಘನ ಮೀಟರ್ ಚಕ್ಕೆಯಲ್ಲಿ ಸುಮಾರು 70 ಘನ ಮೀಟರ್ ಖಾಲಿ ಜಾಗ. 6 ಗಂಟೆಯ ಲೆಕ್ಕದಲ್ಲಿ ಅದು ತಾಳುವುದು ಸೆಕೆಂಡಿಗೆ 3.2 ಲೀಟರ್. ಮೇಲಿನ ಉದಾಹರಣೆಯ 10 ಲೀಟರಿನ ಕೊಳವೆಗೆ 300 ಘನ ಮೀಟರಿಗೂ ಹೆಚ್ಚು ಬೇಕು. ಇದನ್ನು ಲೆಕ್ಕ ಹಾಕದೆ ಸಣ್ಣ ಗುಂಡಿ ತೋಡಿದರೆ ನೀರು ಹೊಕ್ಕಷ್ಟೇ ವೇಗದಲ್ಲಿ ಹೊರಬಂದು ನೈಟ್ರೇಟ್ ಹಾಗೆಯೇ ಉಳಿಯುತ್ತದೆ. ವಿಪರೀತ ನಿಧಾನವಾದರೂ ತೊಂದರೆಯೇ. ನೈಟ್ರೇಟ್ ಪೂರ್ತಿ ತೀರಿದ ಮೇಲೆ ಬ್ಯಾಕ್ಟೀರಿಯಾ ಸಲ್ಫೇಟಿನ ಮೇಲೆ ಬೀಳುತ್ತವೆ, ಕೊಳೆತ ಮೊಟ್ಟೆಯ ನಾತ ಬರುತ್ತದೆ. ನಾತ ಬಂದರೆ ಹೊರಗಂಡಿಯ ಹಲಗೆ ಒಂದನ್ನು ತೆಗೆದು ಹರಿವು ಹೆಚ್ಚಿಸಿ. ಮೊದಲ ಕೆಲವು ವಾರ ಚಹಾ ಬಣ್ಣದ ನೀರು ಬರುತ್ತದೆ, ಅದರ ಬಿಒಡಿ ಹೆಚ್ಚು. ಹಾಗಾಗಿ ಹೊಳೆಯಲ್ಲಿ ಹರಿವು ಚೆನ್ನಾಗಿರುವಾಗಲೇ ಗುಂಡಿಗೆ ಚಾಲನೆ ಕೊಡಿ. ಭಾರಿ ಮಳೆಯ ನೀರು ಗುಂಡಿಯನ್ನು ಬಳಸಿ ಹೋಗಲು ಪಕ್ಕದಾರಿ ಇರಲೇಬೇಕು, ಇಲ್ಲದಿದ್ದರೆ ಮೇಲಿನ ಹೊಲದಲ್ಲಿ ನೀರು ನಿಂತು ಬೆಳೆ ಹೋಗುತ್ತದೆ.

ದೋಷ: ಮಳೆ ಬಂದರೆ ಕೆಂಪು ನೀರು, ರಂಜಕ ಹೆಚ್ಚು

ಒಂದು ಹೆಕ್ಟೇರಿನಿಂದ 1 ಮಿಲಿಮೀಟರ್ ಮೇಲ್ಮಣ್ಣು ಹೋದರೆ ಅದು 10 ಘನ ಮೀಟರ್, ಸುಮಾರು 13 ಟನ್. ಕಣ್ಣಿಗೆ ಏನೂ ಆದಂತೆ ಕಾಣದು. ಕಿಲೋ ಮಣ್ಣಿನಲ್ಲಿ 800 ಮಿಲಿಗ್ರಾಂ ರಂಜಕವಿದ್ದರೆ ಆ ಮಣ್ಣಿನ ಜೊತೆ ಹೋದದ್ದು 10 ಕಿಲೋ. ಅಷ್ಟು 10 ಕೋಟಿ ಲೀಟರ್ ನೀರನ್ನು 0.1 ಮಿ.ಗ್ರಾಂ ಮಟ್ಟಕ್ಕೆ ತರಬಲ್ಲದು. ಕಣಕ್ಕೆ ಅಂಟಿದ್ದೆಲ್ಲ ಕೂಡಲೇ ಪಾಚಿಗೆ ಸಿಗುವುದಿಲ್ಲ ನಿಜ, ಆದರೆ ಹೂಳಾಗಿ ಕೂತು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ.

ಪತ್ತೆ ಮಾಡುವ ದಾರಿ ಒಂದೇ: ಮಳೆ ಸುರಿಯುತ್ತಿರುವಾಗ ಹೊಲದಲ್ಲಿರಬೇಕು. ಹಳದಿ ಕೋಲುಗಳನ್ನು ಒಯ್ದು, ನೀರು ಹೊಳೆಗೆ ನುಗ್ಗುವ ಪ್ರತಿ ಜಾಗದಲ್ಲೂ ಒಂದೊಂದು ನೆಡಿ. ಬಹುಪಾಲು ಮಣ್ಣು ದಡದ ಉದ್ದಕ್ಕೂ ಸಮನಾಗಿ ಬರುವುದಿಲ್ಲ. ಬಂಡಿದಾರಿ, ಹೊಲದ ಬಾಗಿಲು, ಟ್ರ್ಯಾಕ್ಟರ್ ಗಾಲಿಯ ಗುರುತು, ಇಳಿಜಾರಿಗೆ ನೇರವಾಗಿ ಉತ್ತ ಸಾಲು ಇಂಥ ಕೆಲವೇ ಕಡೆ ಸೇರಿ ಕೊರಕಲಾಗಿ ನುಗ್ಗುತ್ತದೆ. ಹತ್ತು ಮೀಟರ್ ಅಗಲದ ಹುಲ್ಲಿನ ಪಟ್ಟಿ ತೆಳ್ಳಗೆ ಹರಡಿ ಬರುವ ನೀರನ್ನು ಸೋಸುತ್ತದೆ, ಕೊರಕಲಿನ ನೀರು ಅದೇ ಪಟ್ಟಿಯನ್ನು ಸೀಳಿಕೊಂಡು ಹೋಗುತ್ತದೆ. ಕೋಲು ನೆಟ್ಟ ಜಾಗಗಳಲ್ಲಿ ಪಟ್ಟಿ ಅಗಲವಾಗಲಿ, ಅಥವಾ ಮುಂಚೆಯೇ ಸಮಮಟ್ಟದ ಕಲ್ಲುಕಟ್ಟೆಯೊಂದರಿಂದ ನೀರನ್ನು ಅಗಲಕ್ಕೆ ಹರಡಿಸಿ. ಹೊಲದೊಳಗೆ ಸಮಪಾತಳಿ ಬಿತ್ತನೆ, ಬದು, ನೀರಿಳಿಯುವ ಪಳ್ಳದುದ್ದಕ್ಕೂ ಉಳದೆ ಬಿಟ್ಟ ಹುಲ್ಲುಗಾಲುವೆ. ಬಂಡಿದಾರಿಗೆ ಅಡ್ಡ ಉಬ್ಬು ಹಾಕಿ ನೀರನ್ನು ಹೊಲದ ಕಡೆ ತಿರುಗಿಸಿ.

ಪಟ್ಟಿ ಮೊದಲೆರಡು ವರ್ಷ ಚೆನ್ನಾಗಿ ಕೆಲಸ ಮಾಡಿ ಆಮೇಲೆ ನಿಂತುಹೋದರೆ ಅದರ ಹೊಲದ ಕಡೆಯ ಅಂಚು ನೋಡಿ. ಹಿಡಿದ ಮಣ್ಣೇ ಅಲ್ಲಿ ದಿಬ್ಬವಾಗಿ, ನೀರು ಅದರ ಉದ್ದಕ್ಕೂ ಓಡಿ ತಗ್ಗಿದ ಕಡೆ ಒಮ್ಮೆಲೇ ನುಗ್ಗುತ್ತಿರುತ್ತದೆ. ಮಣ್ಣನ್ನು ಕೆರೆದು ಹೊಲಕ್ಕೆ ವಾಪಸ್ ಹಾಕಿ. ಹುಲ್ಲನ್ನು ವರ್ಷಕ್ಕೊಮ್ಮೆಯಾದರೂ ಕೊಯ್ದು ಹೊರಗೊಯ್ಯಿರಿ. ಅಲ್ಲೇ ಕೊಳೆತರೆ ಹಿಡಿದ ರಂಜಕವೇ ಕರಗಿ ಹೊಳೆ ಸೇರುತ್ತದೆ.

ಕೆಂಪು ನೀರು ನಿಂತಿತು, ಆದರೂ ಕರಗಿದ ರಂಜಕ ಇಳಿಯಲಿಲ್ಲ ಎನ್ನುವವರಿಗೆ: ಉಳುಮೆಯಿಲ್ಲದ ಹೊಲದಲ್ಲಿ ಮೇಲೆ ಚೆಲ್ಲಿದ ರಂಜಕ ಮೇಲಿನ 5 ಸೆಂಟಿಮೀಟರಿನಲ್ಲೇ ಕೂತಿರುತ್ತದೆ. ಮಣ್ಣಿನ ಮಾದರಿಯನ್ನು 0–5 ಮತ್ತು 5–15 ಸೆಂ.ಮೀ. ಎಂದು ಬೇರೆಬೇರೆ ತೆಗೆಸಿ. ಮೇಲಿನದು ಬಹಳ ಹೆಚ್ಚಿದ್ದರೆ ಗೊಬ್ಬರವನ್ನು ಬೀಜದ ಸಾಲಿನಲ್ಲಿ ಆಳಕ್ಕೆ ಹಾಕಿ. ಮಣ್ಣು ಪರೀಕ್ಷೆಯಲ್ಲಿ ರಂಜಕ ಅತಿ ಹೆಚ್ಚು ಎಂದು ಬಂದರೆ ಕೆಲವು ವರ್ಷ ಹಾಕುವುದನ್ನೇ ನಿಲ್ಲಿಸಿ. ಬೆಳೆಗೆ ನಷ್ಟವಿಲ್ಲ, ಅದು ಈಗಾಗಲೇ ನೆಲದಲ್ಲಿದೆ.

ದೋಷ: ಬೂದು ಲೋಳೆ, ನಾತ, ಅಮೋನಿಯಾ

ಮನೆಗಳ ಕೊಳಚೆಯ ಬಿಒಡಿ ಲೀಟರಿಗೆ ಸುಮಾರು 300 ಮಿ.ಗ್ರಾಂ. ದನದ ಬಗ್ಗಡದ್ದು 10,000ದಿಂದ 20,000. ರಸಮೇವಿನ ಸೋರಿಕೆ 30,000ದಿಂದ 80,000, ಚೆಲ್ಲಿದ ಹಾಲು 1,00,000ಕ್ಕೂ ಮೇಲೆ. ಸಣ್ಣ ಬಿರುಕೊಂದು ಹೊಳೆಯನ್ನೇ ಕೊಲ್ಲುವುದು ಇದರಿಂದ.

ಕೊಟ್ಟಿಗೆಯಲ್ಲಿ ಮೊದಲು ನೋಡಬೇಕಾದದ್ದು ಮಾಡಿನ ನೀರು. 300 ಚದರ ಮೀಟರ್ ಮಾಡಿನ ಮೇಲೆ 20 ಮಿ.ಮೀ. ಮಳೆ ಬಿದ್ದರೆ 6,000 ಲೀಟರ್. ಅದು ಸಗಣಿ ಅಂಗಳಕ್ಕೆ ಬಿದ್ದರೆ 6,000 ಲೀಟರ್ ಕೊಳಚೆಯಾಗಿ ಗುಂಡಿ ತುಂಬಿಸುತ್ತದೆ. ದೊಡ್ಡ ಗುಂಡಿ ಕಟ್ಟುವ ಮುಂಚೆ ಮಾಡಿನ ಅಂಚಿಗೆ ನೀರುದೋಣಿ ಮತ್ತು ಇಳಿಕೊಳವೆ ಹಾಕಿ ಶುದ್ಧ ನೀರನ್ನು ಬೇರೆ ಕಳಿಸಿ. ಎಷ್ಟೋ ಕಡೆ ಅಷ್ಟರಿಂದಲೇ ಉಕ್ಕುವುದು ನಿಲ್ಲುತ್ತದೆ. ಗುಂಡಿಯಲ್ಲಿ ಯಾವಾಗಲೂ ಮೇಲೆ 30 ಸೆಂ.ಮೀ. ಖಾಲಿ ಇರಲಿ. ಸೋರುತ್ತಿದೆಯೇ ಎಂದು ತಿಳಿಯಲು ಒಣ ದಿನದಲ್ಲಿ ಒಳಹರಿವು ನಿಲ್ಲಿಸಿ ಮಟ್ಟ ಗುರುತಿಸಿ, ಪಕ್ಕದಲ್ಲೊಂದು ಬಾನಿಯಲ್ಲಿ ನೀರಿಟ್ಟು 48 ಗಂಟೆ ಬಿಡಿ. ಬಾನಿಗಿಂತ ಗುಂಡಿ ಹೆಚ್ಚು ಇಳಿದಿದ್ದರೆ ಸೋರಿಕೆಯಿದೆ. ಗುಂಡಿಯಡಿಯಲ್ಲೇ ಹಳೆಯ ಬಸಿಕೊಳವೆ ಹೋಗಿರುವುದೂ ಉಂಟು. ಫ್ಲೋರೆಸೀನ್ ಬಣ್ಣ ಹಾಕಿ ಕೊಳವೆಯ ಬಾಯಿ ಕಾದರೆ ಗೊತ್ತಾಗುತ್ತದೆ. ಆದರೆ ಹೊಳೆ ಹಸಿರಾಗುವ ಮುನ್ನ ಕೆಳಗಿನ ಊರಿಗೂ ಅಧಿಕಾರಿಗಳಿಗೂ ತಿಳಿಸಿರಬೇಕು.

ರಸಮೇವು ತುಂಬಿದ ಮೊದಲ ಹತ್ತು ದಿನ ಸೋರಿಕೆ ಅತಿ ಹೆಚ್ಚು. ಮೇವನ್ನು ಬಾಡಿಸಿ ಒಣ ಅಂಶ ಶೇ 30ರ ಸುಮಾರಿಗೆ ತಂದು ತುಂಬಿದರೆ ಸೋರಿಕೆ ಬಹುತೇಕ ಇರುವುದಿಲ್ಲ. ಆ ರಸ ಹುಳಿ, ಪಿಎಚ್ 4ರ ಆಸುಪಾಸು, ಕಾಂಕ್ರೀಟನ್ನೂ ತಿನ್ನುತ್ತದೆ. ಕಳೆದ ವರ್ಷ ಸೋರದ ನೆಲ ಈ ವರ್ಷ ಸೋರಬಹುದು.

ದನಗಳು ಹೊಳೆಗಿಳಿದು ಕುಡಿಯುವ ಕಡೆ ಬೇಲಿಯೊಂದನ್ನೇ ಹಾಕಿದರೆ ಅದು ಉಳಿಯುವುದಿಲ್ಲ. ನೀರಿನ ತೊಟ್ಟಿ ಮೊದಲು ಬರಲಿ, ನೆರಳಿರುವ ಕಡೆ, ದಡದಿಂದ ದೂರ. ದೊಡ್ಡ ಹಸು ದಿನಕ್ಕೆ 50 ಲೀಟರಿಗೂ ಹೆಚ್ಚು ಕುಡಿಯುತ್ತದೆ, ಹಿಂಡು ಒಟ್ಟಿಗೆ ಬರುತ್ತದೆ. ತುಂಬುವ ವೇಗ ಸಾಲದಿದ್ದರೆ ಅವು ಮತ್ತೆ ಹೊಳೆಗೇ ಹೋಗುತ್ತವೆ.

ಕೊಳೆ ದನದ್ದೋ ಮನೆಗಳದ್ದೋ ಎಂಬ ಜಗಳ ಎದ್ದರೆ ಬಣ್ಣ ಹಾಕದ ಶುದ್ಧ ಹತ್ತಿಯ ತುಂಡನ್ನು ಬಲೆಯಲ್ಲಿಟ್ಟು ಕೊಳವೆಯ ಬಾಯಲ್ಲಿ ನಾಲ್ಕೈದು ದಿನ ಕಟ್ಟಿಡಿ. ಒಣಗಿಸಿ ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದಾಗ ನೀಲಿಯಾಗಿ ಹೊಳೆದರೆ ಬಟ್ಟೆ ಸೋಪಿನ ಬಿಳುಪುಕಾರಕ ಹಿಡಿದಿದೆ, ಅಂದರೆ ಮನೆಗಳ ನೀರು ಸೇರಿದೆ. ಬಳಸದ ಒಂದು ತುಂಡನ್ನು ಹೋಲಿಕೆಗೆ ಇಟ್ಟುಕೊಳ್ಳಿ.

ದೋಷ: ಹುಳುಗಳಿಲ್ಲ, ಕೀಟನಾಶಕದ ಅನುಮಾನ

ಹೊಲಕ್ಕೆ ಸಿಂಪಡಿಸಿದ್ದು ತೇಲಿ ಬಂದಿರಬಹುದು, ಆದರೆ ಮೊದಲು ಪಂಪಿಗೆ ಔಷಧ ತುಂಬುವ, ಪಂಪು ತೊಳೆಯುವ ಜಾಗ ನೋಡಿ. ಐರೋಪ್ಯ ಒಕ್ಕೂಟದಲ್ಲಿ ಕುಡಿಯುವ ನೀರಿಗೆ ಯಾವುದೇ ಒಂದು ಕೀಟನಾಶಕದ ಮಿತಿ ಲೀಟರಿಗೆ 0.1 ಮೈಕ್ರೊಗ್ರಾಂ. ಆ ಲೆಕ್ಕದಲ್ಲಿ ಚೆಲ್ಲಿದ 1 ಗ್ರಾಂ ಮೂಲವಸ್ತು ಒಂದು ಕೋಟಿ ಲೀಟರ್ ನೀರನ್ನು ಮಿತಿಗೆ ಮುಟ್ಟಿಸುತ್ತದೆ. ಹೊಳೆಯ ದಡದಲ್ಲೇ ನೀರೆತ್ತಿ ಬೆರೆಸಿ ಅಲ್ಲೇ ಪಂಪು ತೊಳೆಯುವ ಅಭ್ಯಾಸವಿದ್ದರೆ ಬೇರೆ ಮೂಲ ಹುಡುಕುವ ಅಗತ್ಯವೇ ಬೀಳದಿರಬಹುದು. ಬೆರೆಸುವ ಜಾಗ ಹೊಳೆ, ಬಾವಿಗಳಿಂದ ದೂರ ಇರಲಿ. ಖಾಲಿ ಡಬ್ಬಿಯನ್ನು ಮೂರು ಸಲ ಕಲಕಿ ಆ ನೀರನ್ನು ಪಂಪಿಗೇ ಹಾಕಿ, ತೊಳೆದ ನೀರನ್ನು ಸಿಂಪಡಿಸಿದ ಹೊಲದಲ್ಲೇ ಹರಡಿ. ಬೆರೆಸುವ ಜಾಗದಡಿ ಒಣಹುಲ್ಲು ಎರಡು ಪಾಲು, ಮೇಲ್ಮಣ್ಣು ಒಂದು ಪಾಲು, ಕಾಂಪೋಸ್ಟ್ ಒಂದು ಪಾಲು ಬೆರೆಸಿದ, ತಳ ಭದ್ರಪಡಿಸಿದ ಗುಂಡಿ ಮಾಡಿದರೆ ಸೂಕ್ಷ್ಮಜೀವಿಗಳು ಚೆಲ್ಲಿದ್ದನ್ನು ಬಹುಮಟ್ಟಿಗೆ ಒಡೆಯುತ್ತವೆ. ಅದು ಒಣಗಿದರೂ ಕೆಲಸ ಮಾಡದು, ನೀರು ನಿಂತರೂ ಮಾಡದು.

ಎಲ್ಲ ಮಾಡಿದರೂ ಅಳತೆ ಇಳಿಯದಿದ್ದರೆ

ಬೂದು ಲೋಳೆ ಮೂಲ ಮುಚ್ಚಿದ ಕೆಲವೇ ವಾರಗಳಲ್ಲಿ ಹೋಗಬೇಕು. ಹೋಗದಿದ್ದರೆ ಇನ್ನೊಂದು ಮೂಲವಿದೆ, ಮತ್ತೆ ಅರ್ಧಿಸಿ ಹುಡುಕಿ. ನೈಟ್ರೇಟ್ ಹಾಗಲ್ಲ. ಇಂದು ಹೊಳೆಗೆ ಒಸರುವ ಅಂತರ್ಜಲ ಎಷ್ಟೋ ವರ್ಷಗಳ ಹಿಂದೆ, ಕೆಲವು ಕಡೆ ದಶಕಗಳ ಹಿಂದೆ ಹೊಲದಿಂದ ಇಳಿದದ್ದು. ಇದನ್ನು ರೈತರಿಗೆ ಮೊದಲೇ ಹೇಳಿಬಿಡಬೇಕು. ಹೊಳೆಯಲ್ಲಿ ಇಳಿಯುವುದನ್ನು ಕಾಯುವ ಬದಲು ಬಸಿಕೊಳವೆಯ ಬಾಯಲ್ಲಿ, ಕೊಯ್ಲಾದ ಮೇಲೆ ಮಣ್ಣಿನಲ್ಲಿ ಉಳಿದ ನೈಟ್ರೇಟಿನಲ್ಲಿ ಅಳೆದರೆ ಅವರ ಶ್ರಮದ ಫಲ ಒಂದೆರಡು ಹಂಗಾಮಿನಲ್ಲೇ ಕಾಣುತ್ತದೆ.

ರಂಜಕ ಬೇಸಿಗೆಯಲ್ಲಿ, ಮಳೆಯಿಲ್ಲದಾಗ, ಆಮ್ಲಜನಕ ಕುಸಿದ ಮಡುವಿನಲ್ಲಿ ಏರುತ್ತಿದ್ದರೆ ಅದು ತಳದ ಹಳೆಯ ಹೂಳು ಬಿಡುತ್ತಿರುವುದು. ಕಬ್ಬಿಣಕ್ಕೆ ಅಂಟಿ ಕೂತ ರಂಜಕ ಆಮ್ಲಜನಕವಿಲ್ಲದಾಗ ಬಿಡುಗಡೆಯಾಗುತ್ತದೆ. ಮೇಲಿನಿಂದ ಬರುವುದು ನಿಲ್ಲದೆ ಹೂಳೆತ್ತಿದರೆ ಅಷ್ಟೇ ಹೂಳು ಮತ್ತೆ ಬಂದು ಕೂರುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಎರಡೂ ವರ್ಷ ಅದೇ ತಿಂಗಳಲ್ಲಿ ಅಳೆದರೆ ಸಾಲದು, ಹರಿವೂ ಅಷ್ಟೇ ಇದ್ದಾಗಿನ ಅಳತೆ ಬೇಕು. ಮಳೆ ಕಡಿಮೆಯಾದ ವರ್ಷ ರಂಜಕ ತಾನಾಗಿಯೇ ಇಳಿದು ಕಾಣುತ್ತದೆ. ಕೊಳೆ ಸೇರುವ ಜಾಗದ ಮೇಲೊಂದು, ಕೆಳಗೊಂದು ನಿಶ್ಚಿತ ಸ್ಥಳ ಇಟ್ಟುಕೊಂಡು ಎರಡರಲ್ಲೂ ಹದಿನೈದು ದಿನಕ್ಕೊಮ್ಮೆ, ಜೊತೆಗೆ ವರ್ಷದಲ್ಲಿ ಕನಿಷ್ಠ ಐದಾರು ದೊಡ್ಡ ಮಳೆಗಳಲ್ಲಿ, ನೀರಿನ ಮಟ್ಟವನ್ನೂ ಬರೆದುಕೊಂಡು ಮಾದರಿ ತೆಗೆಯಿರಿ. ದುರಸ್ತಿಗೆ ಮುಂಚಿನ ಒಂದು ಪೂರ್ತಿ ವರ್ಷದ ಅಳತೆ ಕೈಯಲ್ಲಿರಲಿ. ಆ ವರ್ಷದ ಲೆಕ್ಕವನ್ನು ಆಮೇಲೆ ಯಾವ ರೀತಿಯಲ್ಲೂ ಹಿಂದಕ್ಕೆ ಹೋಗಿ ತರಲಾಗುವುದಿಲ್ಲ.